ಕಣ ಕೊಟ್ಟ ವರ್ಷ

ಹೋದ ವಾರ ಹಳಿಯಾಳದಿಂದ ದಾಂಡೇಲಿಗೆ ಬೈಕಿನಲ್ಲಿ ಬರುತ್ತಿದ್ದೆ. ಬಿದರಗೇರಿಯ ತಿರುವು ದಾಟುತ್ತಿದ್ದಂತೆ ಹಿಂದಿನ ಗಾಲಿ ಜಾರಿತು. ನೋಡಿದರೆ ರಸ್ತೆಯ ಅರ್ಧಕ್ಕೆ ಭತ್ತದ ಸಿವುಡು ಬಿಚ್ಚಿ ಹರಡಿದ್ದರು. ಬಸ್ಸು, ಲಾರಿ ಹಾಯ್ದು ಹೋದಂತೆಲ್ಲ ಕಾಳು ಉದುರುತ್ತದೆ. ಬಿಸಿ ಡಾಂಬರಿನ ವಾಸನೆಗೆ ಹೊಸ ಹುಲ್ಲಿನ ವಾಸನೆ ಸೇರಿ ಗಂಟಲಲ್ಲಿ ಕೂತಿತು. ರಸ್ತೆಯ ಬದಿಯಲ್ಲಿ ಕೋಲು ಹಿಡಿದು ಹುಲ್ಲು ತಿರುವುತ್ತಿದ್ದ ಹೆಂಗಸೊಬ್ಬಳು, "ನಿಧಾನ ಹೋಗ್ರಿ ಕಾಕಾ, ಕಾಲು ಮುರ್ಕೊಂಡೀರಿ" ಎಂದಳು. ಹೊಸದಾಗಿ ಮದುವೆಯಾಗಿ ಬಂದವಳಿರಬೇಕು, ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುರಿದುಕೊಳ್ಳಲಿ ಎಂದು ಸುಮ್ಮನಿರುತ್ತಿದ್ದಳು.

ಆ ಊರಿನವರು ಭತ್ತ ತುಳಿಸಲು ರಸ್ತೆಗೆ ಬಂದದ್ದು ನನ್ನಿಂದ. ನನ್ನೊಬ್ಬನಿಂದಲೇ ಎಂದರೆ ಜಂಬವಾದೀತು, ಅದರಲ್ಲಿ ಕೈಯಾಡಿಸಿದ ದೊಡ್ಡವರು ಬೇಕಾದಷ್ಟು ಜನ ಇದ್ದರು. ಆದರೆ ಅವರ ಕಣವನ್ನು ಅವರ ಕೈಯಿಂದ ಇಸಿದುಕೊಂಡವನು ನಾನು. "ಸುಗ್ಗಿಗೆ ಕಣ ನಿಮ್ಮದ" ಎಂದು ಮಾತು ಕೊಟ್ಟವನೂ ನಾನೇ. ಬೈಕು ಬದಿಗೆ ನಿಲ್ಲಿಸಿದೆ. ಕೆಲವೇ ವರ್ಷದ ಹಿಂದಿನದು, ಮರೆಯುವಷ್ಟು ಹಳತಾಗಿಲ್ಲ.

ದಾಂಡೇಲಿಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಊರಿಗೆಲ್ಲ ನಾನು ಮಿಸ್ತ್ರಿ. ಅಪ್ಪ ಕಾಗದದ ಮಿಲ್ಲಿನಲ್ಲಿ ದುಡಿದವನು. ಫುಟ್‌ಬಾಲ್ ಹುಚ್ಚು ನನಗೆ ಅವನಿಂದ ಬಂದ ಆಸ್ತಿ, ಬೇರೇನೂ ಬರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಆಡುವುದು ಬಿಟ್ಟು ಆಡಿಸುವುದಕ್ಕೆ ನಿಂತೆ. ಡ್ರೈವರುಗಳು, ಗೋಡೆ ಕಟ್ಟುವ ಗವಂಡಿಗಳು, ಮಿಲ್ಲಿನ ಗುತ್ತಿಗೆ ಕೆಲಸದವರು ಕೂಡಿ ಒಂದು ತಂಡವಾಯಿತು. ಅಂಗಿಯ ಎದೆಯ ಮೇಲೆ ನಮ್ಮ ಕಾಡಿನ ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಚಿತ್ರ ಬರೆಸಿದೆವು. ತಂಡವೇನೋ ಆಯಿತು, ಆದರೆ ಮೈದಾನ? ಊರಲ್ಲಿದ್ದ ಮೈದಾನಗಳೆಲ್ಲ ಬೆಳಗಿನಿಂದ ಸಂಜೆಯವರೆಗೆ ಕ್ರಿಕೆಟ್ಟಿನವರ ಪಾಲಾಗಿದ್ದವು.

ಜಾಗ ಹುಡುಕುತ್ತ ಹೋದಾಗ ಬಿದರಗೇರಿಯ ಕಣ ಕಂಡಿತು. ಅದು ಒಬ್ಬರ ಕಣವಲ್ಲ. ಕಾಡಂಚಿನ ನಾಲ್ಕು ಕೇರಿಯವರ ಕಣಗಳು ನಡುವೆ ಬದುವಿಲ್ಲದೆ ಒಂದಕ್ಕೊಂದು ಅಂಟಿಕೊಂಡು, ಸಾರಿಸಿದ ಅಡುಗೆಮನೆಯ ಹಾಗೆ ಹರಡಿದ್ದವು. ಅವರ ಗದ್ದೆಗಳು ತುಂಡು ತುಂಡು, ಮಷೀನು ಒಳಗೆ ಹೋಗುವುದಿಲ್ಲ. ಹಾಗಾಗಿ ಭತ್ತವನ್ನು ಆಗಲೂ ಎತ್ತಿನಿಂದಲೇ ತುಳಿಸುತ್ತಿದ್ದರು. ಪ್ರತಿ ವರ್ಷ ಮಳೆ ನಿಂತ ಮೇಲೆ ಹೆಂಗಸರು ಬುಟ್ಟಿಯಲ್ಲಿ ಹುತ್ತದ ಮಣ್ಣು ಹೊತ್ತು ತರುತ್ತಿದ್ದರು. ನೀರು ಹೊಡೆದು, ತುಳಿದು, ರೋಣಗಲ್ಲು ಉರುಳಿಸಿ, ಸಗಣಿಯಿಂದ ಸಾರಿಸುತ್ತಿದ್ದರು. ಅಜ್ಜಿ, ಮುತ್ತಜ್ಜಿಯರ ಕಾಲದಿಂದ ಹೀಗೆ ಪದರದ ಮೇಲೆ ಪದರ ಕೂತು ಆ ನೆಲ ಎಷ್ಟು ಗಟ್ಟಿಯಾಗಿತ್ತೆಂದರೆ ಚೆಂಡು ಪುಟಿದರೆ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. ದಾಖಲೆಯಲ್ಲಿ ಮಾತ್ರ ಅದು ಸರ್ಕಾರದ ಜಾಗ. ರೂಢಿಯಲ್ಲಿ ಅವರದು.

ನಡುವಿನ ಕಣ ಕೇರಿಗೆಲ್ಲ ಹಿರಿಯಳಾದ ಗಂಗವ್ವಾಯಿಯದು. ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಕಂಬಕ್ಕೆ ಮೇಟಿ ಎನ್ನುತ್ತಾರೆ. ಅವಳ ಮೇಟಿ ನೆಡುವ ಕುಣಿಯೇ ನಮ್ಮ ಮೈದಾನದ ನಟ್ಟನಡು. ಕಣದಲ್ಲಿ ಯಾರೂ ಚಪ್ಪಲಿ ಹಾಕುವಂತಿಲ್ಲ. ಸುಗ್ಗಿ ಮುಗಿದು ಕೊನೆಯ ರಾಶಿ ಮನೆ ಸೇರಿದ ಮರುದಿನ ಅವಳು ಮೇಟಿ ಕೀಳಿಸಿ, ಕುಣಿಗೆ ಮಣ್ಣು ತುಂಬಿ, ಅದರ ಮೇಲೆ ಕಾಯಿ ಒಡೆದು, ಒಂದು ಹೋಳು ನನ್ನ ಕೈಗೆ ಕೊಡುತ್ತಿದ್ದಳು. ಅಷ್ಟಾದರೆ ಕಣ ನಮ್ಮದು, ಹುಡುಗರು ಬೂಟು ಹಾಕಬಹುದು. ಜೂನಿನಲ್ಲಿ ಮಳೆ ಹಿಡಿದ ದಿನ ನಾವು ಗೋಲುಕಂಬ ಕಿತ್ತು ಹೊರಟರೆ ಕಣ ಮತ್ತೆ ಅವರದು. ಇದಕ್ಕೆ ಕಾಗದ ಪತ್ರ ಇರಲಿಲ್ಲ. ಯಾವಾಗ ತಿರುಗಿ ಕೊಡುತ್ತೀರಿ ಎಂದು ಅವರು ಒಂದು ವರ್ಷವೂ ಕೇಳಿದ್ದಿಲ್ಲ. ಹಾಗೆ ಕೇಳಿದರೆ ಎದುರಿನವನ ಮರ್ಯಾದೆ ತೆಗೆದಂತೆ ಎಂದು ತಿಳಿದ ಜನ ಅವರು.

ನಮ್ಮದಲ್ಲದ ಪೂಜೆಯ ಕಾಯಿ ತಿನ್ನಬಹುದೋ ಇಲ್ಲವೋ ಎಂದು ಮೊದಲ ವರ್ಷ ನಾನು ಹೋಳು ಹಿಡಿದು ಹಿಂದೆಮುಂದೆ ನೋಡಿದ್ದಕ್ಕೆ ಗಂಗವ್ವಾಯಿ ನಕ್ಕುಬಿಟ್ಟಿದ್ದಳು. "ತಿನ್ನು ಮಿಸ್ತ್ರಿ, ತಿನ್ನು. ನಿಮ್ಮ ದೇವರು ಏನರೆ ಕೇಳಿದ್ರ, ಗಂಗವ್ವ ಕೊಟ್ಳು ಅಂತ ನನ್ನ ಹೆಸರು ಹೇಳು" ಎಂದಿದ್ದಳು. ಆಮೇಲೆ ಪ್ರತಿ ವರ್ಷ ಅಲ್ಲೇ ನಿಂತು ತಿಂದು ಮುಗಿಸುತ್ತಿದ್ದೆ.

ಆ ಕಣದಲ್ಲಿ ಆಡಿ ಆಡಿ ನಮ್ಮ ತಂಡ ಬೆಳೆಯಿತು. ಹೊರಗಿನಿಂದ ಬಂದವರು ಆ ನೆಲದ ಮೇಲೆ ಜಾರಿ ಬೀಳುತ್ತಿದ್ದರು. ನಮ್ಮವರು ಬೂಟು ಕೊಳ್ಳುವ ಮೊದಲು ಬರಿಗಾಲಲ್ಲೇ ಕಲಿತವರು. ಜಿಲ್ಲೆಯಲ್ಲಿ ಸೋಲಿಸುವವರಿಲ್ಲ ಎಂದಾದ ಮೇಲೆ ದುಡ್ಡಿದ್ದವರ ಕಣ್ಣು ಬಿತ್ತು. ಕಾಳಿ ನದಿಯ ದಂಡೆಯಲ್ಲಿ ರೆಸಾರ್ಟು ಇಟ್ಟಿದ್ದ ಒಬ್ಬರು ತಂಡವನ್ನು ಕೊಂಡು, ಆಟಗಾರರಿಗೆ ಸಂಬಳ ಗೊತ್ತು ಮಾಡಿ, ವೃತ್ತಿಪರ ಲೀಗಿಗೆ ಸೇರಿಸಿದರು. ನಾವೆಲ್ಲ ಅವರನ್ನು ಮಾಲಕರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಅನ್ನುತ್ತೇನೆ. ನನ್ನನ್ನು ಕೋಚ್ ಆಗಿ ಉಳಿಸಿಕೊಂಡರು. ಗ್ಯಾರೇಜಿನ ಎಣ್ಣೆ ಕೈ ತೊಳೆದು ಟ್ರ್ಯಾಕ್‌ಸೂಟ್ ಹಾಕಿದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಫೆಬ್ರುವರಿಯಲ್ಲಿ ಕಣದ ಸುತ್ತ ಬಿದಿರಿನ ಗ್ಯಾಲರಿ ಕಟ್ಟಿ ಮೊದಲ ಲೀಗ್ ಪಂದ್ಯ ಆಡಿದೆವು. ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ಮಳಗಿಯಿಂದಲೂ ಜನ ಟೆಂಪೋ ಮಾಡಿಕೊಂಡು ಬಂದರು. ನಮ್ಮ ಮುಂಚೂಣಿ ಆಟಗಾರ ಫ್ರಾನ್ಸಿಸ್. ಹಗಲು ಪಿಕಪ್ ಓಡಿಸುತ್ತಿದ್ದ ಗಟ್ಟಿ ಆಳು. ಅವನು ಎರಡು ಗೋಲು ಹೊಡೆದ. ಕೇರಿಯ ಹೆಂಗಸರು ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದರು. ಆಟ ಮುಗಿದ ಮೇಲೆ ಗಂಗವ್ವಾಯಿ ಅವನ ಬೆನ್ನು ತಟ್ಟಿ, "ನಮ್ಮ ಎತ್ತು ನಿನ್ನಂಗ ತಿರುಗಿದ್ರ ಎರಡ ದಿನಕ್ಕ ಸುಗ್ಗಿ ಮುಗೀತಿತ್ತಲ್ಲೋ" ಎಂದಳು. ಅಷ್ಟು ಸಂತೋಷದ ದಿನ ಮತ್ತೆ ನನ್ನ ಬಾಳಿನಲ್ಲಿ ಬಂದಿಲ್ಲ.

ಅದೇ ಸಂಜೆ ಮಾಲಕರು ಮೈಕು ಹಿಡಿದು ಹೇಳಿದರು: ಲೀಗಿನವರು ಈ ನೆಲವನ್ನು ಒಪ್ಪುವುದಿಲ್ಲ. ಹುಲ್ಲುಹಾಸು ಬೇಕು, ದೊಡ್ಡ ದೀಪ ಬೇಕು, ಕಾಂಕ್ರೀಟಿನ ಗ್ಯಾಲರಿ ಬೇಕು. ಸರ್ಕಾರ ಸ್ಟೇಡಿಯಂ ಕಟ್ಟಿಸಿದರೆ ತಂಡ ಇಲ್ಲಿಯೇ ಇರುತ್ತದೆ, ಇಲ್ಲದಿದ್ದರೆ ಬೇರೆ ಊರಿನವರು ಕರೆಯುತ್ತಿದ್ದಾರೆ. "ನನಗರೆ ಬಿಟ್ಟು ಹೋಗಾಕ ಮನಸ್ಸೈತೇನ್ರಿ? ನಿಮ್ಮ ಕೈಯಾಗ ಐತಿ ಎಲ್ಲಾ" ಎಂದು ನಮ್ಮ ಹೆಗಲ ಮೇಲೆ ಹೊರಿಸಿ ಕಾರು ಹತ್ತಿದರು.

ಹುಲಿ ಬಂತು ಎಂದು ಹೆದರಿಸಿದರೆ ಕುರಿಗಳು ಒಂದೇ ಕಡೆ ಓಡುತ್ತವಲ್ಲ, ಹಾಗೆ ಓಡಿದೆವು. ಮುಂದೆ ಓಡಿದ ಕುರಿ ನಾನು. ಬಂಗೂರನಗರದಿಂದ ತಹಶೀಲ್ದಾರ ಕಚೇರಿಯವರೆಗೆ ಮೆರವಣಿಗೆ ತೆಗೆದೆವು. ಅಂಗಡಿ ಬಂದ್ ಮಾಡಿಸಿದೆವು. "ನಮ್ಮ ತಂಡ, ನಮ್ಮ ಹಕ್ಕು" ಎಂದು ಗಂಟಲು ಹರಿಯುವಂತೆ ಕೂಗಿದೆವು. ಒಂದು ಸಭೆಯಲ್ಲಿ ಕಾಲೇಜಿನ ಮಾಸ್ತರರೊಬ್ಬರು ಎದ್ದು ನಿಂತು, "ಸ್ಟೇಡಿಯಂ ಕಟ್ಟೂದು ಮಂದಿ ದುಡ್ಡಿನಾಗ, ತಂಡ ಮಾತ್ರ ಅವರದು. ನಾಳೆ ಕಟ್ಟಿದ ಮ್ಯಾಲೂ ಅವರು ಹೋಗಂಗಿಲ್ಲ ಅಂತ ಬರದು ಕೊಟ್ಟಾರೇನ್ರಿ?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಅದಕ್ಕೆ ನಾವು ಮಾಡಿದ್ದೇನು? ಸಿಳ್ಳೆ ಹೊಡೆದು, ಗದ್ದಲ ಎಬ್ಬಿಸಿ ಅವರನ್ನು ಕೂಡಿಸಿದೆವು. "ಮಾಸ್ತರ್ರ, ನೀವು ಕ್ರಿಕೆಟ್ ನೋಡ್ರಿ" ಎಂದು ಮೈಕಿನಲ್ಲಿ ಚಾಷ್ಟಿ ಮಾಡಿದವನು ನಾನು. ಅವರು ಈಗಲೂ ನನ್ನ ಗ್ಯಾರೇಜಿನಲ್ಲೇ ಸ್ಕೂಟರ್ ರಿಪೇರಿ ಮಾಡಿಸುತ್ತಾರೆ, ಆ ಮಾತು ಒಮ್ಮೆಯೂ ಎತ್ತಿಲ್ಲ. ಎತ್ತಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಮೇ ತಿಂಗಳಲ್ಲಿ ಸರ್ಕಾರ ಹೂಂ ಅಂದಿತು. ಜಾಗ ಯಾವುದು ಎಂಬ ಪ್ರಶ್ನೆ ಬಂದಾಗ ಎಲ್ಲರ ಬೆರಳೂ ಕಣದ ಕಡೆ ತಿರುಗಿತು. ಸರ್ಕಾರಿ ಜಾಗ, ರಸ್ತೆಯ ಪಕ್ಕ, ಸಮತಟ್ಟು. ಒಂದೇ ಅಡ್ಡಿ ಎಂದರೆ, ಆ ಜಾಗವನ್ನು ರೂಢಿಯಿಂದ ಬಳಸಿಕೊಂಡು ಬಂದ ಕೇರಿಯವರು ತಕರಾರಿಲ್ಲ ಎಂದು ಬರೆದುಕೊಡಬೇಕಿತ್ತು. ಬೇರೆ ಯಾರು ಹೋಗಿ ಕೇಳಿದ್ದರೂ ಅವರು ಮುಖ ತಿರುಗಿಸುತ್ತಿದ್ದರು. ಮಾಲಕರಿಗೆ ಅದು ಗೊತ್ತಿತ್ತು. "ಮಿಸ್ತ್ರಿ, ನಿಮ್ಮ ಮಾತು ನಡೀತದ ಅಲ್ಲಿ" ಎಂದರು.

ನಾನು ಒಂದು ಮಾತು ಕೇಳಿದೆ, ಕೇಳಲಿಲ್ಲ ಅಂತಲ್ಲ. "ಸುಗ್ಗಿಗೆ ಅವರಿಗೆ ಕಣ ಬೇಕಾಗ್ತದ್ರಿ. ಆಟ ಇಲ್ಲದಾಗ ಬಿಡಬಹುದಲ್ಲ?"

ಮಾಲಕರು ಫೋನ್ ನೋಡುತ್ತಲೇ, "ಯಾಕ ಆಗಬಾರದು? ನೋಡೂಣಂತ" ಎಂದರು.

ಅದನ್ನೇ ಒಪ್ಪಿಗೆ ಎಂದು ಕಟ್ಟಿಕೊಂಡು ಬಂದೆ. ಈಗ ನಿಜ ಬರೆದುಬಿಡುತ್ತೇನೆ. ಹುಲ್ಲುಹಾಸು ಅಂದರೆ ಏನೆಂದು ನನಗೆ ಗೊತ್ತಿತ್ತು. ಟಿ.ವಿ.ಯಲ್ಲಿ ಸಾವಿರ ಪಂದ್ಯ ನೋಡಿದವನು ನಾನು. ಆ ಹಸಿರಿನ ಮೇಲೆ ಯಾವ ದೇಶದಲ್ಲೂ ಎತ್ತು ಕಟ್ಟಿ ಭತ್ತ ತುಳಿಸಿದ್ದನ್ನು ನಾನು ಕಂಡಿರಲಿಲ್ಲ. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಹಾಗೆ ಒಳಗೆ ಒತ್ತಿಟ್ಟುಕೊಂಡೆ. ನನಗೆ ತಂಡ ಬೇಕಿತ್ತು. ಟ್ರ್ಯಾಕ್‌ಸೂಟ್ ಬೇಕಿತ್ತು.

ಜೂನಿನ ಮೊದಲ ವಾರ, ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಗಂಗವ್ವಾಯಿಯ ಜಗುಲಿಯ ಮೇಲೆ ಕೂತು ಕಾಗದ ಓದಿ ಹೇಳಿದೆ. ನಾಲ್ಕು ಕೇರಿಯ ಹಿರಿಯರೂ ಹೆಂಗಸರೂ ಸೇರಿದ್ದರು. ಎಷ್ಟು ವರ್ಷಕ್ಕೆ, ಬದಲಿಗೆ ಏನು, ಯಾರ ಹೆಸರಿಗೆ ಎಂದು ಒಬ್ಬರೂ ಕೇಳಲಿಲ್ಲ. ಪ್ರತಿ ವರ್ಷ ಕೊಟ್ಟ ಹಾಗೆಯೇ ಇದು, ಈ ಸಲ ಸ್ವಲ್ಪ ಮುಂಚೆ ಕೇಳುತ್ತಿದ್ದಾರೆ, ಅಷ್ಟೇ ಎಂದುಕೊಂಡರು. ಆಡುವವರು ಆಡಿ ಮುಗಿಸಿದ ಮೇಲೆ ಕಣವನ್ನು ಹೊತ್ತುಕೊಂಡು ಹೋಗುತ್ತಾರೆಯೇ?

ಗಂಗವ್ವಾಯಿ ಮಾತ್ರ ಒಂದೇ ಮಾತು ಕೇಳಿದಳು. "ಸುಗ್ಗಿಗೆ?"

"ಸುಗ್ಗಿಗೆ ಕಣ ನಿಮ್ಮದ, ಆಯಿ" ಎಂದೆ.

ಅವಳು ಮತ್ತೆ ಕೇಳಲಿಲ್ಲ, ಹೆಬ್ಬೆಟ್ಟು ಒತ್ತಿದಳು. ಅವಳು ಒತ್ತಿದ್ದನ್ನು ನೋಡಿ ಉಳಿದವರೂ ಒತ್ತಿದರು.

ಅಡಿಗಲ್ಲಿನ ದಿನ ಮಂತ್ರಿಗಳು ಬಂದರು, ಶಾಮಿಯಾನ ಬಂತು, ಬ್ಯಾಂಡು ಬಂತು. ಗಂಗವ್ವಾಯಿ ಇದ್ಯಾವುದರ ಗೊಡವೆಗೂ ಹೋಗದೆ, ಹೊಸ ಸೀರೆ ಉಟ್ಟು ಬಂದು, ತನ್ನ ಮೇಟಿ ಕುಣಿಯ ಮೇಲೆ ಕಾಯಿ ಒಡೆದು ಹೋಳನ್ನು ನನ್ನ ಕೈಗೆ ಇಟ್ಟಳು. ಅವಳ ಲೆಕ್ಕದಲ್ಲಿ ಕಣ ಕೊಟ್ಟದ್ದು ಆವಾಗ. ಮಾಲಕರ ಫೋಟೋದವನು ಓಡಿ ಬಂದು ಮತ್ತೊಮ್ಮೆ ಕೊಡಿ ಎಂದ. ಅವಳು ಕೊಡಲಿಲ್ಲ. ದೊಡ್ಡವರೆಲ್ಲ ಬೂಟು ಹಾಕಿಕೊಂಡೇ ಅವಳಿಗಿಂತ ಮೊದಲು ಕಣದೊಳಗೆ ನಡೆದಾಡಿದ್ದರು. ಅವಳು ನೋಡಿದಳು. ಮರುದಿನ ಬೆಳಿಗ್ಗೆ ಒಬ್ಬಳೇ ಬಂದು ಬೂಟಿನ ಗುರುತುಗಳ ಮೇಲೆ ಸಗಣಿ ಸಾರಿಸಿ ಹೋದಳು ಎಂದು ಫ್ರಾನ್ಸಿಸ್ ಹೇಳಿದ. ನಾವಿಬ್ಬರೂ ನಕ್ಕೆವು. ಯಾಕೆ ನಕ್ಕೆವೋ.

ಆಮೇಲೆ ಜೆಸಿಬಿ ಬಂತು. ಅದರ ಹಲ್ಲು ತಾಗಿದಾಗ ನೆಲದ ಮೇಲ್ಪದರ ಒಣಗಿದ ಕಟಿರೊಟ್ಟಿಯ ಹಾಗೆ ದೊಡ್ಡ ದೊಡ್ಡ ಹೋಳಾಗಿ ಎದ್ದಿತು. ತಲೆಮಾರುಗಳ ಹುತ್ತದ ಮಣ್ಣು ಮತ್ತು ಸಗಣಿ. ಎರಡೇ ದಿನದಲ್ಲಿ ಅದನ್ನೆಲ್ಲ ಟಿಪ್ಪರಿಗೆ ತುಂಬಿ ಸಾಗಿಸಿದರು. ಎಲ್ಲಿಗೆ ಎಂದು ವಿಚಾರಿಸಿದರೆ, ರೆಸಾರ್ಟಿನಲ್ಲಿ ಕಾರು ನಿಲ್ಲಿಸುವ ಜಾಗ ತಗ್ಗಾಗಿತ್ತಂತೆ, ಅಲ್ಲಿಗೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಎನ್ನುತ್ತಾರೆ. ಇಲ್ಲಿ ಕೊಟ್ಟವರನ್ನು ಕೋಡಂಗಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ನಡುವೆ ನಿಂತು ಕೊಡಿಸಿದವನಿಗೆ ಗಾದೆಯಲ್ಲಿ ಹೆಸರಿಲ್ಲ.

ಮಳೆ ಹಿಡಿಯಿತು. ಅಗೆದ ಕಡೆಯೆಲ್ಲ ನೀರು ನಿಂತಿತು. ನಾಲ್ಕು ಪಿಲ್ಲರ್ ಎದ್ದವು, ಒಂದು ಬದಿಗೆ ಗ್ಯಾಲರಿಯ ಮೂರು ಮೆಟ್ಟಿಲು ಬಿದ್ದವು. ಆಗಸ್ಟಿನಲ್ಲಿ ಕೆಲಸ ನಿಂತಿತು. ಸರ್ಕಾರದಿಂದ ಮುಂದಿನ ಹಣ ಬಿಡುಗಡೆ ಆಗಿಲ್ಲ ಎಂದು ಗುತ್ತಿಗೆದಾರ ತನ್ನ ಸಾಮಾನು ಕಟ್ಟಿಕೊಂಡು ಹೋದ. ಯಾರನ್ನು ಕೇಳಿದರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಿದ್ದರು. ಎಮ್ಮೆಗಳು ಬಂದು ಆ ನೀರಿನಲ್ಲಿ ಬಿದ್ದುಕೊಳ್ಳತೊಡಗಿದವು.

ಸೆಪ್ಟೆಂಬರಿನಲ್ಲಿ ಮಾಲಕರು ನಮ್ಮನ್ನೆಲ್ಲ ರೆಸಾರ್ಟಿಗೆ ಕರೆಸಿ ಚಹಾ ಕೊಟ್ಟರು. ಹುಬ್ಬಳ್ಳಿಗಿಂತಲೂ ಎಷ್ಟೋ ದೂರದ ಒಂದು ಶಹರದಲ್ಲಿ ಜನರ ದುಡ್ಡಿನಿಂದ ಕಟ್ಟಿದ ಸ್ಟೇಡಿಯಂ ಖಾಲಿ ಬಿದ್ದಿದೆಯಂತೆ. ಆಡುವವರಿಲ್ಲದೆ ಅಲ್ಲಿನವರು ತಂಡ ಹುಡುಕುತ್ತಿದ್ದರಂತೆ. "ಒಂದ ಸೀಸನ್ ಅಷ್ಟ. ಇಲ್ಲಿ ಕೆಲಸ ಮುಗೀತಂದ್ರ ಓಡಿ ಬರ್ತೇವಿ" ಎಂದರು. ಅದಕ್ಕೆ ನಾವು ಏನು ಮಾಡಿದೆವು ಗೊತ್ತೇ? ಬಸ್ಸಿಗೆ ಹಾರ ಹಾಕಿದೆವು. ಹಲಗೆ ಬಾರಿಸಿ, ಗುಲಾಲು ಎರಚಿ, ಮಗಳನ್ನು ಗಂಡನ ಮನೆಗೆ ಕಳಿಸಿದ ಹಾಗೆ ಕಣ್ಣು ಒರೆಸಿಕೊಂಡು ಕಳಿಸಿದೆವು. ನನಗೆ ಬಸ್ಸಿನಲ್ಲಿ ಜಾಗ ಇರಲಿಲ್ಲ. ಅಲ್ಲಿಗೆ ಬೇರೆ ಕೋಚ್ ಬಂದಿದ್ದಾರೆ ಎಂದು ಮಾಲಕರ ಮ್ಯಾನೇಜರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಹೇಳಿದ. ನಮ್ಮ ಆಟಗಾರರಲ್ಲಿ ಕರೆದದ್ದು ಮೂವರನ್ನು. ಅವರಲ್ಲಿ ಫ್ರಾನ್ಸಿಸ್ ಒಬ್ಬ.

ಅವನು ದೀಪಾವಳಿ ಹೊತ್ತಿಗೆ ವಾಪಸ್ಸು ಬಂದ. ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಪ್ಯಾಂಟಿನ ಕಾಲು ಮೇಲೆತ್ತಿ ತೋರಿಸಿದ. ಮೊಣಕಾಲಿನಿಂದ ಕೆಳಗೆ ಚರ್ಮ ಸುಲಿದುಹೋಗಿತ್ತು.

"ಪ್ಲಾಸ್ಟಿಕ್ ಹುಲ್ಲು ಮಿಸ್ತ್ರಿ. ಬಿದ್ರ ಹಿಂಗ ಆಗ್ತದ. ನೋಡಾಕ ನಾಲ್ಕು ಮಂದಿ ಬರಂಗಿಲ್ಲ. ಅಂಗಿ ಮ್ಯಾಲಿಂದ ನಮ್ಮ ಊರ ಹೆಸರು ತಗದಾರ. ಹಕ್ಕಿ ಉಳಿಸ್ಯಾರ, ಆದ್ರ ಅಲ್ಲಿ ಮಂದಿ ಅದನ್ನ ಗಿಳಿ ಅಂತ ತಿಳ್ಕೊಂಡಾರ."

"ಮತ್ತ ಯಾವಾಗ ಬರ್ತಾರಂತ ಇಲ್ಲಿಗೆ?"

"ಬರೂದಾ?" ಎಂದು ಅವನು ನನ್ನನ್ನೇ ನೋಡಿದ. "ಐದು ವರ್ಷದ ಕರಾರು ಮಾಡ್ಯಾರ. ನಾವು ಹೋಗೂಕಿಂತ ಮೊದಲ ಮಾಡ್ಯಾರ."

ಬಸ್ಸಿಗೆ ಹಾಕಿದ ಹಾರಗಳು ನೆನಪಾದವು. ಕೈಯಲ್ಲಿದ್ದ ಪಾನಾ ನೆಲಕ್ಕೆ ಬಡಿದೆ. ಬಾಯಿಗೆ ಬಂದದ್ದೆಲ್ಲ ಬೈದೆ. ಬೈದು ಆದ ಮೇಲೆ ಅದರಲ್ಲಿ ನನಗೇ ಸೇರಬೇಕಾದ್ದು ಎಷ್ಟು ಎಂದು ತಿಳಿದು ಪಾನಾ ಎತ್ತಿಟ್ಟೆ. ಆ ಕ್ಷಣಕ್ಕೂ ನನಗೆ ಕಳೆದುಹೋದ ತಂಡದ್ದೇ ಚಿಂತೆ ಇತ್ತು, ಕಣ ತಲೆಯಲ್ಲಿ ಇರಲಿಲ್ಲ. ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಕಣವನ್ನು ನೆನಪಿಸಿದವಳು ಗಂಗವ್ವಾಯಿ. ದೀಪಾವಳಿ ಕಳೆದು ಕೆಲವು ದಿನಕ್ಕೆ, ಶುಕ್ರವಾರ ಬೆಳಿಗ್ಗೆ, ಫ್ರಾನ್ಸಿಸ್ ಪಿಕಪ್ ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ. "ಲಗೂನ ನಡೀರಿ, ಆಯಿ ಕರದಾಳ" ಎಂದ. ದಾರಿಯಲ್ಲಿ ಏನೆಂದು ಕೇಳಿದರೆ, "ನೀವ ನೋಡ್ರಿ" ಎಂದಷ್ಟೇ ಹೇಳಿದ.

ಕಣದ ಸುತ್ತ ತಗಡಿನ ಬೇಲಿ, ಮುಂದೆ ಒಂದು ಗೇಟು, ಗೇಟಿಗೆ ಬೀಗ. ಒಳಗೆ ಪಿಲ್ಲರುಗಳ ತಲೆಯಿಂದ ತುಕ್ಕು ಹಿಡಿದ ಕಬ್ಬಿಣದ ಸರಳು ಚಾಚಿಕೊಂಡಿದ್ದವು, ಕೆಳಗೆ ಹಸಿರುಗಟ್ಟಿದ ನೀರು. ಗೇಟಿನ ಹೊರಗೆ ನಾಲ್ಕು ಕೇರಿಯ ಹೆಂಗಸರು ನಿಂತಿದ್ದರು. ತಲೆಯ ಮೇಲೆ ಹುತ್ತದ ಮಣ್ಣಿನ ಬುಟ್ಟಿ, ಕೆಲವರ ಕೈಯಲ್ಲಿ ಸಗಣಿಯ ಬಕೀಟು. ಚಪ್ಪಲಿಗಳನ್ನು ರಸ್ತೆಯ ಅಂಚಿಗೆ ಸಾಲಾಗಿ ಬಿಟ್ಟು, ಚೂಪು ಜಲ್ಲಿಯ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಎಲ್ಲಿಂದಲೋ ಬಂದಿದ್ದ ಕಾವಲುಗಾರ ಏನೂ ತಿಳಿಯದೆ, "ಒಳಗ ಬಿಡಂಗಿಲ್ರಿ, ಆರ್ಡರ್ ಇಲ್ಲ" ಎಂದು ಅದನ್ನೇ ಹೇಳುತ್ತಿದ್ದ.

ಅವರಿಗೆ ತಂಡ ಹೋದದ್ದು ಗೊತ್ತಿತ್ತು. ಬಸ್ಸು ಅವರ ಊರಿನ ಮೇಲಿಂದಲೇ ಹೋಗಿತ್ತು. ಆಡುವವರು ಹೋದರು ಎಂದರೆ ಆಟ ಮುಗಿಯಿತು, ಆಟ ಮುಗಿದರೆ ಕಣ ತಿರುಗಿ ಬಂತು. ಅವರು ಬಂದದ್ದು ಅದಕ್ಕೆ. ನೀರು, ಸರಳು, ಕಾಂಕ್ರೀಟು ಇವೆಲ್ಲ ಆಡಿದವರು ಸ್ವಚ್ಛ ಮಾಡದೆ ಬಿಟ್ಟು ಹೋದ ಹೊಲಸು, ಎತ್ತಿ ಹಾಕಿದರಾಯಿತು ಎನ್ನುವಂತೆ ನಿಂತಿದ್ದರು.

"ಬಂದಿ ಮಿಸ್ತ್ರಿ?" ಎಂದಳು ಗಂಗವ್ವಾಯಿ. "ಇವಂಗ ಒಂದೀಟು ಹೇಳು. ಭತ್ತ ಕೊಯ್ದು ಆರು ದಿನ ಆತು. ಕಣ ಮಾಡಬೇಕು."

ನಾನು ಅವಳ ಹತ್ತಿರ ಹೋಗಿ ಹೇಳತೊಡಗಿದೆ. ಮಾಲಕರು ನಮಗೆಲ್ಲ ಮೋಸ ಮಾಡಿದರು ಎಂದೆ. ಮೊದಲೇ ಬೇರೆ ಊರಿನವರ ಜೊತೆ ಕರಾರು ಮಾಡಿಕೊಂಡಿದ್ದರು ಎಂದೆ. ಸರ್ಕಾರದ ಹಣ ಬರಲಿಲ್ಲ, ಗುತ್ತಿಗೆದಾರ ಓಡಿಹೋದ, ಕಾಗದದ ಪ್ರಕಾರ ಜಾಗ ಈಗ ಇಲಾಖೆಯ ಕೈಯಲ್ಲಿದೆ, ನನ್ನ ಕೆಲಸವೂ ಹೋಯಿತು ಎಂದೆ. ಒಬ್ಬೊಬ್ಬರ ಹೆಸರನ್ನೂ ಹೇಳಿದೆ. ಹೇಳಿದಷ್ಟೂ ನನ್ನ ಧ್ವನಿ ಏರುತ್ತ ಹೋಯಿತು. ಅವಳು ಬುಟ್ಟಿ ಇಳಿಸದೆ ಪೂರ್ತಿ ಕೇಳಿದಳು.

"ಅವರ್ಯಾರೂ ನನಗ ಗೊತ್ತಿಲ್ಲ ಮಿಸ್ತ್ರಿ" ಎಂದಳು. "ನಾ ಕಣ ಕೊಟ್ಟಿದ್ದು ನಿನಗ. ನೀ ಕೊಡು."

ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಾನು ಬಂದೆನಲ್ಲ, ಇನ್ನು ಗೇಟು ತೆಗೆಸುತ್ತೇನೆ ಎಂದುಕೊಂಡು, ಅವರೆಲ್ಲ ಬುಟ್ಟಿ ಹೊತ್ತುಕೊಂಡೇ ಮಧ್ಯಾಹ್ನದವರೆಗೂ ನಿಂತಿದ್ದರು.